ನೋಡದೆ ಅಳಿಸಿದ ಚಿತ್ರ

“ಚಿರಂತ್ ಅಂದ್ರೆ ನೀವೇ ತಾನೆ? ಆ ಫೋಟೋ ಇನ್ನೂ ಯಾಕೆ ತೆಗೆದಿಲ್ಲ?”

ಬನಶಂಕರಿಯ ದರ್ಶಿನಿಯಲ್ಲಿ ಇಡ್ಲಿ ಮುರಿಯುತ್ತಿದ್ದವನು ತಲೆ ಎತ್ತಿದ.

“ಫೋನ್ ಮಾಡಿದ ಇಂಚರ ಅವರಾ? ಕೂತ್ಕೊಳ್ಳಿ ಅನ್ನೋಣ ಅಂದ್ರೆ ಇಲ್ಲಿ ಕುರ್ಚಿನೇ ಇಲ್ಲ. ಯಾವ ಫೋಟೋ?”

ಅವನ ಕಣ್ಣಲ್ಲಿದ್ದ ನಗು ಇಂಚರಳ ಸಿಟ್ಟನ್ನು ಹೆಚ್ಚಿಸಿತು.

ಜಯನಗರದ ಗಿಡಪ್ರಿಯರಿಗಾಗಿ ಅವಳೊಂದು ಪುಟ್ಟ ಸೋಷಿಯಲ್ ಮೀಡಿಯಾ ಸರ್ವರ್, ಅಂದರೆ ಸ್ವಂತ ಜಾಲತಾಣ, ನಡೆಸುತ್ತಿದ್ದಳು. ಫೋಟೋ ಹುಚ್ಚಿನವರ ಸರ್ವರ್ ಚಿರಂತ್‌ನದು. ಇಂಥ ಸರ್ವರ್‌ಗಳಿಗೆಲ್ಲ ಒಬ್ಬನೇ ಒಡೆಯನಿಲ್ಲ. ಒಂದರಲ್ಲಿ ಹಾಕಿದ್ದರ ಪ್ರತಿ, ಅದರೊಂದಿಗೆ ಬೆಸೆದುಕೊಂಡ ಉಳಿದವುಗಳಲ್ಲೂ ಉಳಿಯುತ್ತದೆ; ಮೂಲದಲ್ಲಿ ತೆಗೆದರೆ ‘ಅಳಿಸಿ’ ಎಂಬ ಸಂದೇಶ ಅವಕ್ಕೂ ಹೋಗುತ್ತದೆ.

ಅವಳ ಸರ್ವರ್‌ನಲ್ಲಿ ಗೆಳತಿ ಧೃತಿಯ ಮುಖವನ್ನು ಯಾರೋ ಅಶ್ಲೀಲ ಚಿತ್ರವೊಂದಕ್ಕೆ ಅಂಟಿಸಿ ಹಾಕಿದ್ದರು. ಇಂಚರ ಅದನ್ನು ಅಳಿಸಿ, ಪೊಲೀಸರಿಗೂ ದೂರು ಕೊಟ್ಟಿದ್ದಳು. ಆದರೆ ಚಿರಂತ್‌ನ ಸರ್ವರ್‌ನಲ್ಲಿ ಅದು ಹಾಗೇ ಇತ್ತು. ತ್ಯಾಗರಾಜನಗರದಲ್ಲಿ ನೃತ್ಯ ಕಲಿಸುತ್ತಿದ್ದ ಧೃತಿ ತರಗತಿ ಮುಚ್ಚಿ ಮನೆಯೊಳಗೇ ಉಳಿದಿದ್ದಳು.

“ಎಷ್ಟು ಕಂಪ್ಲೇಂಟ್ ಕಳಿಸಿದೀನಿ! ಒಂದಕ್ಕೂ ಉತ್ತರ ಇಲ್ಲ.”

“ಒಂದೂ ಬಂದಿಲ್ಲ ಮೇಡಂ.” ಅವನ ನಗು ಮಾಯವಾಗಿತ್ತು. “ಅದನ್ನ ಅಳಿಸೋಕೆ ಮುಂಚೆ ನಮ್ಮ ಸರ್ವರ್ ಬ್ಲಾಕ್ ಮಾಡಿದ್ರಾ?”

ಇಂಚರ ತಡವರಿಸಿದಳು. “ಆವತ್ತು ನಿಮ್ಮ ಕಡೆಯಿಂದ ಒಂದೇ ಸಮ ಜಾಹೀರಾತು ಬರ್ತಿತ್ತು. ಸಿಟ್ಟಲ್ಲಿ ಬ್ಲಾಕ್ ಮಾಡ್ದೆ. ಆಮೇಲೆ ಈ ಚಿತ್ರ ಕಣ್ಣಿಗೆ ಬಿತ್ತು.”

“ಅದಕ್ಕೇ. ಬ್ಲಾಕ್‌ಗೆ ಮುಂಚೆನೇ ಚಿತ್ರ ಬಂದಿತ್ತು, ಆಮೇಲಿನ ‘ಅಳಿಸಿ’ ಅನ್ನೋ ಸಂದೇಶನೂ ಬರಲಿಲ್ಲ, ನಿಮ್ಮ ಕಂಪ್ಲೇಂಟೂ ಬರಲಿಲ್ಲ.”

ಅವಳ ಮುಖ ಬಿಸಿಯಾಯಿತು. “ಅಯ್ಯೋ, ತಪ್ಪು ನಂದೇ.”

“ಅದಿರ್ಲಿ. ಹ್ಯಾಶ್ ಇಟ್ಕೊಂಡಿದೀರಾ?”

ಹ್ಯಾಶ್ ಎಂದರೆ ಚಿತ್ರಕ್ಕೊಂದು ಬೆರಳಚ್ಚಿನಂಥ ಸಂಖ್ಯೆ. ಅವಳು ಅದನ್ನು ಕಳಿಸಿದಳು. ಅವನು ತಟ್ಟೆ ಸರಿಸಿ ಲ್ಯಾಪ್‌ಟಾಪ್ ತೆರೆದು ಆ ಸಂಖ್ಯೆ ಹುಡುಕಿದ. ಪರದೆಯ ಮೇಲೆ ಚಿತ್ರವನ್ನು ಮುಚ್ಚಿದ ಬೂದು ಬಣ್ಣದ ಚೌಕ ಮೂಡಿತು. ಕೆಳಗೆ ‘ಚಿತ್ರ ತೋರಿಸು’ ಎಂಬ ಬಟನ್.

ಅವನು ಆ ಬಟನ್ ಮುಟ್ಟಲಿಲ್ಲ. ನೇರ ಅಳಿಸಿಬಿಟ್ಟ.

“ನೋಡಿ ಖಚಿತ ಮಾಡ್ಕೊಳ್ಳಲ್ವಾ?”

“ಸಂಖ್ಯೆ ತಾಳೆ ಆಯ್ತಲ್ಲ. ಆಕೆಗೆ ಇಷ್ಟು ನೋವು ಕೊಟ್ಟಿದ್ದನ್ನ ನಾನ್ಯಾಕೆ ನೋಡ್ಲಿ?”

ಎಷ್ಟು ಸರಳವಾಗಿ ಅಂದುಬಿಟ್ಟ! ಅವಳು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. ಅವನೂ ನೋಡುತ್ತಿದ್ದ. ಇಬ್ಬರೂ ಒಟ್ಟಿಗೇ ಕಾಫಿ ಲೋಟಕ್ಕೆ ಕೈಹಾಕಿದರು.

“ಅದು ನನ್ನ ಲೋಟ,” ಎಂದ.

“ಗೊತ್ತು,” ಎಂದು ಅವಳೇ ಕುಡಿದಳು.

ಅವನ ಸರ್ವರ್‌ನಿಂದ ಚಿತ್ರ ಇನ್ನೆಲ್ಲಿಗೆ ಹೋಗಿತ್ತೋ ಅಲ್ಲಿಗೆಲ್ಲ ಹ್ಯಾಶ್ ಕಳಿಸಿ, ಚಿತ್ರ ತೆರೆಯದೆ ಅಳಿಸಲು ಕೇಳಿಕೊಂಡರು. ಮೈಸೂರಿನಿಂದ ಮೊದಲ ಉತ್ತರ: ತೆರೆಯದೆಯೇ ತೆಗೆದಾಯಿತು. ಪುಣೆಯಿಂದ ಇನ್ನೊಂದು. ಸಂಜೆ ಹೊತ್ತಿಗೆ ಜರ್ಮನಿಯ ಸರ್ವರ್ ಕೂಡ ಅಳಿಸಿತ್ತು. ಯಾರಾದರೂ ಮತ್ತೆ ಅದನ್ನೇ ಹಾಕಿದರೆ ತಾನಾಗಿಯೇ ತಡೆಯುವಂತೆ ಎಲ್ಲರೂ ಆ ಸಂಖ್ಯೆಯನ್ನು ಸೇರಿಸಿಕೊಂಡಿದ್ದರು.

ಇಂಚರ ಧೃತಿಗೆ ಫೋನ್ ಮಾಡಿದಳು. “ಹೋಯ್ತು ಕಣೇ! ಎಲ್ಲಾ ಕಡೆಯಿಂದ ಹೋಯ್ತು!”

“ಅಳಿಸಿದವರು... ನೋಡಿದ್ರಾ?”

“ಇಲ್ಲಮ್ಮಾ. ತೆರೀಲೇ ಇಲ್ಲ.”

ಆ ಕಡೆ ಬಿಕ್ಕಳಿಕೆ ಕೇಳಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಧೃತಿಯ ಮಾತು: “ನಾಳೆ ಕ್ಲಾಸ್ ಇದೆ ಅಂತ ಗ್ರೂಪ್‌ಗೆ ಹಾಕ್ತೀನಿ.”

ಇಂಚರ ಕಣ್ಣೊರೆಸಿಕೊಂಡು ಚಿರಂತ್‌ನತ್ತ ತಿರುಗಿದಳು. ಅವನ ಕಣ್ಣೂ ಒದ್ದೆಯಾಗಿತ್ತು.

“ನೀವು ಆ ಬಟನ್ ಒತ್ತಲಿಲ್ಲ ನೋಡಿ, ಆಗ್ಲೇ ನಂಗೆ ಇಷ್ಟ ಆಗ್ಬಿಟ್ರಿ.”

ಅವನ ಕಿವಿ ಕೆಂಪಾಯಿತು. “ಇದನ್ನ ನಾನು ಹೇಗೆ ಹೇಳ್ಲಿ ಅಂತ ಮಧ್ಯಾಹ್ನದಿಂದ ಒದ್ದಾಡ್ತಿದೀನಿ. ನೀವು ಹೀಗೆ ಹೇಳ್ಬಿಡೋದಾ?”

“ಹಾಗಾದ್ರೆ ಭಾನುವಾರ ಮನೆಗೆ ಬನ್ನಿ, ಅಮ್ಮನೂ ಇರ್ತಾರೆ.”

“ನಿಮ್ಮ ಅಮ್ಮಂಗೆ ನಾನು ಯಾರು ಅಂತೀರಿ?”

ಅವಳು ಅವನ ಬೆರಳುಗಳಿಗೆ ತನ್ನ ಬೆರಳು ಹೆಣೆದಳು. “ನನ್ನ ಹುಡುಗ ಅಂತೀನಿ.”