ಶನಿವಾರದ ಪಾಳಿ

ಕಾಗವಾಡದ ಕಡೆಯ ಒಂದು ಹೈಸ್ಕೂಲಿಗೆ ನಾನು ಒಂಬತ್ತನೆಯ ತರಗತಿಗೆ ಹೊಸದಾಗಿ ಸೇರಿದ್ದೆ; ೧೯೮೮ ಇರಬೇಕು. ಇತಿಹಾಸ ಕಲಿಸುತ್ತಿದ್ದ ಉಪಾಧ್ಯೆ ಸರ್ ಕಿಟಕಿಯತ್ತ ಮುಖ ಮಾಡಿ ಒಂದೊಂದು ವಾಕ್ಯವನ್ನೂ ಮೂರು ಸಲ ಹೇಳಿ, ಪ್ರತಿ ಸಲವೂ "ತಿಳೀತೇನು?" ಎಂದು ಕೇಳುತ್ತಿದ್ದರು. ಯಾರಾದರೂ "ತಿಳೀತ್ರಿ ಸರ್" ಎನ್ನಲೇಬೇಕು. ಅದಕ್ಕೆ ಹುಡುಗರು ಕಬ್ಬಿಗೆ ನೀರು ಬಿಡುವ ಹಾಗೆ ಪಾಳಿ ಹಚ್ಚಿದ್ದರು. ದಿನಕ್ಕೊಂದು ಬೆಂಚಿನವರು ಉತ್ತರ ಕೊಡಬೇಕು, ಉಳಿದವರು ಮಲಗಬೇಕು. ಶುಕ್ರವಾರ ಕೊನೆಯ ಬೆಂಚಿನದು. ಅಲ್ಲಿ ನಾನೊಬ್ಬಳೇ ಕೂರುತ್ತಿದ್ದೆ.

ಒಂದು ಶನಿವಾರ ನನಗೆ ನಿದ್ದೆ ಹತ್ತಲಿಲ್ಲ. ಬೆಳಗಿನ ಶಾಲೆ; ಇಡೀ ವರ್ಗ ಕೈಮೇಲೆ ತಲೆಯಿಟ್ಟು ಮಲಗಿತ್ತು.

"ತಿಳೀತೇನು?" ಎಂದರು ಸರ್.

"ತಿಳೀತ್ರಿ ಸರ್."

ದನಿ ನನ್ನ ಬೆನ್ನ ಹಿಂದಿನಿಂದ ಬಂತು. ಬಾವಿಯೊಳಗಿನಂಥ ತಂಪು ಕುತ್ತಿಗೆಗೆ ತಾಗಿತು. ನನ್ನ ಹಿಂದೆ ಇದ್ದದ್ದು ಗೋಡೆ.

ಗಂಟೆ ಹೊಡೆದ ಮೇಲೆ ಮುಂದಿನ ಬೆಂಚಿನ ರಾಜಮತಿಯನ್ನು ಕೇಳಿದೆ.

"ಶನಿವಾರ ಯಾರ ಪಾಳಿ ಐತಿ?"

"ನಿಂದ ಅಲ್ಲೇನ? ದನಿ ಹಿಂದಿಂದನ ಬರತೈತಲ್ಲ."

"ನಂದು ಶುಕ್ರವಾರ."

ಅವಳು ಬೆರಳು ಮಡಚಿದಳು. "ಐದ ಬೆಂಚಿಗೆ ಐದ ದಿನ ಆತು," ಎಂದಳು. ಆಮೇಲೆ ನನ್ನ ಹತ್ತಿರ ಮಾತಾಡಲು ಅವಳೂ ಬರಲಿಲ್ಲ.

ಮುಂದಿನ ಶನಿವಾರ ಕಣ್ಣು ತೆರೆದೇ ಕುಳಿತೆ. ಉತ್ತರ ಬಂದಾಗ ಸರ್ ಕಿಟಕಿ ಬಿಟ್ಟು ತಿರುಗಿದರು, ನನ್ನ ತಲೆಯ ಮೇಲಿಂದ ಗೋಡೆಯನ್ನು ನೋಡಿ ಸಮಾಧಾನದಿಂದ ತಲೆಯಾಡಿಸಿದರು. ಆ ದಿನ ಅವರು ಯಾವ ವಾಕ್ಯವನ್ನೂ ಎರಡನೆಯ ಸಲ ಹೇಳಲಿಲ್ಲ.