ಚಿಕ್ಕಮ್ಮನ ಬಸ್ ನೆಂಟರು

"ಯಾಕತ್ತಿಗೆ, ಅಲ್ಲೇ ನಿಂತ್ಬಿಟ್ರಿ? ಬನ್ನಿ ಇಲ್ಲಿ," ಎಂದು ಚಿಕ್ಕಮ್ಮ ತುಂಬಿದ ಬಸ್ಸಿನಲ್ಲಿ ಕರೆದಳು. ತರಕಾರಿ ಬುಟ್ಟಿಯ ಹೆಂಗಸೊಬ್ಬಳು ನುಸುಳಿಕೊಂಡು ಬಂದು ಪಕ್ಕದಲ್ಲಿ ನಿಂತಳು.

ಲಾಯರಮ್ಮ ಹುಬ್ಬು ಗಂಟಿಕ್ಕಿದಳು. ವಯಸ್ಸು ಹತ್ತೇ ಆದರೂ ಎಲ್ಲದಕ್ಕೂ ಸಾಕ್ಷಿ ಕೇಳುತ್ತಾಳೆಂದು ಮನೆಯವರು ಇಟ್ಟ ಹೆಸರು ಅದು. ಚಿಕ್ಕಮ್ಮ ಶರ್ಟ್ ಫ್ಯಾಕ್ಟರಿಯಲ್ಲಿ ಗುಂಡಿ ಹೊಲಿಯುವವಳು. ಲಾಯರಮ್ಮನ ಸ್ಕೂಲು ಫ್ಯಾಕ್ಟರಿಯ ಪಕ್ಕದಲ್ಲೇ ಇದ್ದುದರಿಂದ ಇಬ್ಬರದೂ ಒಂದೇ ಬಸ್ಸು. ನಿನ್ನೆ ಚಿಕ್ಕಮ್ಮನಿಗೆ ಒಬ್ಬ ನಾದಿನಿ ಸಿಕ್ಕಿದ್ದಳು, ಮೊನ್ನೆ ದೊಡ್ಡಮ್ಮನ ಮಗಳು. ಈ ನೆಂಟರಲ್ಲಿ ಒಬ್ಬರಾದರೂ ಮನೆಗೆ ಬಂದು ಒಂದು ಲೋಟ ನೀರು ಕುಡಿದದ್ದಿಲ್ಲ.

"ಇವ್ರು ಯಾರ ಕಡೆ ಅತ್ತಿಗೆ?"

"ಬಸ್ಸಿನ ಕಡೆ."

"ಸುಳ್ಳು ಹೇಳ್ಬಾರ್ದು ಅಂತ ನಂಗೆ ಹೇಳೋಳು ನೀನೇ."

"ಆಯ್ತಮ್ಮ, ಮನೆಗೆ ಹೋದ್ಮೇಲೆ ಕೇಸ್ ಹಾಕು."

ಮುಂದಿನ ಸ್ಟಾಪಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಹತ್ತಿ, ಬ್ಯಾಗನ್ನು ಎದೆಗೆ ಅವುಚಿಕೊಂಡು ಕಂಬದ ಬಳಿ ನಿಂತಳು. ಅವಳ ಹಿಂದೆ ಕಪ್ಪು ಕನ್ನಡಕದವನೊಬ್ಬ ಇದ್ದ. ಬಸ್ಸು ನೆಟ್ಟಗೆ ಹೋಗುತ್ತಿದ್ದರೂ ಅವನೊಬ್ಬನೇ ವಾಲುತ್ತಿದ್ದ. ಅವಳು ಸರಿದಳು. ಅವನೂ ಸರಿದ.

"ಏ ಪುಟ್ಟಿ, ನಿಮ್ಮಮ್ಮ ಹೇಗಿದ್ದಾರೆ? ಬಾ ಈ ಕಡೆ," ಎಂದಳು ಚಿಕ್ಕಮ್ಮ.

ಲಾಯರಮ್ಮನಿಗೆ ತಡೆಯಲಾಗಲಿಲ್ಲ. "ಇವ್ಳು ಯಾರೋ ಏನೋ ಚಿಕ್ಕಮ್ಮ. ನಮಗೆ ಗೊತ್ತೇ ಇಲ್ವಲ್ಲ," ಎಂದು ಇಡೀ ಬಸ್ಸಿಗೆ ಕೇಳುವಂತೆ ಅಂದುಬಿಟ್ಟಳು.

ಕನ್ನಡಕದವನು ನಕ್ಕ. ಹೊರಟಿದ್ದ ಹುಡುಗಿಗೆ ಕೈ ಅಡ್ಡ ಇಟ್ಟು ಕಂಬ ಹಿಡಿದ. "ಗೊತ್ತಿಲ್ವಂತಲ್ಲ, ಇಲ್ಲೇ ನಿಂತ್ಕೊ," ಎಂದ.

ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ಲಾಯರಮ್ಮನನ್ನೇ ನೋಡಿದಳು. ಲಾಯರಮ್ಮ ಹೇಳಿದ್ದು ನಿಜವೇ. ಆದರೆ ಆ ನಿಜ ಅವನಿಗೆ ಉಪಯೋಗಕ್ಕೆ ಬಂದಿತ್ತು.

ಅವಳು ಚಿಕ್ಕಮ್ಮನ ಕೈ ಬಿಡಿಸಿಕೊಂಡು ಆ ಅಡ್ಡಗೈಯ ಕೆಳಗೆ ನುಗ್ಗಿ ಹುಡುಗಿಯ ಕೈ ಹಿಡಿದಳು. "ಅಕ್ಕ, ನೀನಾ? ಎರಡು ಜಡೆ ಹಾಕಿದ್ಯಲ್ಲ, ಗುರುತೇ ಸಿಗ್ಲಿಲ್ಲ. ಬಾ, ಅಮ್ಮ ನಿನ್ನ ಕೇಳ್ತಾನೇ ಇರ್ತಾಳೆ."

"ದಾರಿ ಬಿಡಪ್ಪ, ನಮ್ಮ ಹುಡುಗಿ ಬರ್ಲಿ," ಎನ್ನುತ್ತ ತರಕಾರಿಯವಳು ಬುಟ್ಟಿಯನ್ನು ಅವನ ಪಾದದ ಮೇಲೇ ಇಟ್ಟಳು. ಅಡ್ಡಗೈ ಕೆಳಗಿಳಿಯಿತು.

ಅವರ ಸ್ಟಾಪ್ ಬಂತು. ಚಿಕ್ಕಮ್ಮ ಇಳಿಯಲು ಹೊರಟಳು. ಹುಡುಗಿ ಲಾಯರಮ್ಮನ ಕೈ ಬಿಟ್ಟಳು, ಆದರೆ ಅವಳ ಕಣ್ಣು ಇನ್ನೂ ಕನ್ನಡಕದವನ ಕಡೆಗೇ ಇತ್ತು. ಲಾಯರಮ್ಮ ಆ ಕೈಯನ್ನು ಮತ್ತೆ ಹಿಡಿದುಕೊಂಡಳು.

"ಅಕ್ಕನ ಸ್ಟಾಪಲ್ಲೇ ಇಳಿಯೋಣ ಚಿಕ್ಕಮ್ಮ. ಅಲ್ಲಿಂದ ಇಬ್ರೂ ವಾಪಸ್ ನಡ್ಕೊಂಡು ಬರೋಣ."

"ಫ್ಯಾಕ್ಟರೀಲಿ ಯಾಕೆ ಲೇಟು ಅಂತ ಕೇಳಿದ್ರೆ?"

"ನೆಂಟರು ಸಿಕ್ಕಿದ್ರು ಅನ್ನು. ನಾನು ಬಂದು ಸಾಕ್ಷಿ ಹೇಳ್ತೀನಿ."