ಕವಲಿನ ಬಾಣವನ್ನು ತಿರುಗಿಸಿದ ಕೈ

ಸತ್ತವನ ಮಗಳೇ ಬಂದು, ಅವನ ಸಾವಿಗೆ ಕಾರಣಳೆಂದು ಪೊಲೀಸರು ಹಿಡಿದವಳನ್ನು ಬಿಡಿಸಿಕೊಡಿ ಎಂದು ಕೇಳಿದ್ದನ್ನು ನನ್ನ ಐವತ್ತೆರಡು ವರ್ಷದಲ್ಲಿ ನಾನು ಕಂಡದ್ದು ಅದೊಂದೇ ಸಲ.

ಅವಳ ಹೆಸರು ನೊಯ್. ಬೆಳಿಗ್ಗೆ ಒಂಬತ್ತಕ್ಕೇ ಸೇತುವೆ ದಾಟಿ, ಥಾಯ್ ದಡದಲ್ಲಿರುವ ಲಮ್ಯಾಯ್ ಅಕ್ಕನ ಮೇಜಿನ ಮುಂದೆ ಬಂದು ಕುಸಿದಳು. ಲಮ್ಯಾಯ್ ಅಕ್ಕ ಮೂವತ್ತು ವರ್ಷದಿಂದ ಸೇತುವೆಯ ಬಾಯಲ್ಲಿ ಛತ್ರಿ ಹಾಕಿಕೊಂಡು, ಗಡಿ ದಾಟುವ ಗಾಡಿಗಳ ಕಾಗದ ಬರೆದುಕೊಡುವವಳು. ಯಾವ ಗಾಡಿ ಯಾರದು, ಯಾರು ಎತ್ತ ಹೋದರು, ಯಾರು ಸುಳ್ಳು ಹೇಳಿದರು, ಎಲ್ಲ ಅವಳಿಗೆ ಗೊತ್ತು. ಕಳುವಾದ ಲಾರಿಯಿಂದ ಓಡಿಹೋದ ಮದುಮಗನವರೆಗೆ ಅವಳು ಪತ್ತೆ ಹಚ್ಚಿದ್ದನ್ನೆಲ್ಲ ಪಕ್ಕದಲ್ಲಿ ಕೂತು ನೋಡಿದವನು ನಾನು, ತೊಂಗ್‌ಬಾಯ್.

ನನ್ನ ಕೆಲಸ ಎಡಗಣ್ಣು. ಥಾಯ್ ಗಾಡಿಗಳಿಗೆ ಸ್ಟೇರಿಂಗು ಬಲಕ್ಕೆ, ನಾವು ಓಡಿಸುವುದು ರಸ್ತೆಯ ಎಡಕ್ಕೆ. ಸೇತುವೆ ದಾಟಿ ಲಾವೋಸಿಗೆ ಇಳಿದರೆ ಬಲಕ್ಕೆ ಓಡಿಸಬೇಕು. ಆಗ ಚಾಲಕ ರಸ್ತೆಯ ಅಂಚಿಗೆ ಬೀಳುತ್ತಾನೆ, ಮುಂದಿನ ಲಾರಿಯನ್ನು ಹಿಂದೆ ಹಾಕಲು ಎದುರಿನದೇನೂ ಕಾಣುವುದಿಲ್ಲ. ಅದಕ್ಕೇ ಎಡಗಡೆ ಸೀಟಿನಲ್ಲಿ ಒಬ್ಬ ಕೂತು "ಹೋಗು", "ತಡಿ" ಎನ್ನಬೇಕು. ನಾನು ವಿಲೈಯ ವ್ಯಾನಿಗೆ ಎಡಗಣ್ಣು. ಹಿಂದಿನ ದಿನ ಮಾತ್ರ ಹಲ್ಲುನೋವೆಂದು ಮನೆಯಲ್ಲಿ ಮಲಗಿದ್ದೆ. ಆ ಹಲ್ಲನ್ನು ಈಗ ನೆನೆದರೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

"ನಿನ್ನೆ ಏನಾಯ್ತು, ಒಂದೊಂದೇ ಹೇಳವ್ವ," ಎಂದಳು ಲಮ್ಯಾಯ್ ಅಕ್ಕ.

"ಅಪ್ಪಂಗೆ ರಾತ್ರಿ ಈ ದಡದ ಆಸ್ಪತ್ರೇಲಿ ಡಯಾಲಿಸಿಸ್ ಮುಗಿಸ್ಕೊಂಡು ವಿಲೈ ಅಕ್ಕನ ವ್ಯಾನಲ್ಲಿ ಊರಿಗೆ ಹೊರಟಿದ್ವಿ. ಸೇತುವೆ ಗೇಟು ತೆಗೆದಿದ್ದು ಎಂಟೂವರೆಗೆ, ನಮ್ಮದೇ ಮೊದಲ್ನೇ ಗಾಡಿ. ಕವಲಲ್ಲಿ ಬಲಕ್ಕೆ ಹೊಳೆ ರಸ್ತೆಗೆ ತಿರುಗಿದ್ವಿ. ಒಂದು ಮೈಲಿ ಹೋಗಿಲ್ಲ, ತಿರುವಿನ ಆಚೆ ರಸ್ತೇನೇ ಇಲ್ಲ! ಅಗೆದು ಹಾಕಿದ್ರು. ಒಂದು ಕಲ್ಲಿಲ್ಲ, ಹಗ್ಗ ಇಲ್ಲ. ವ್ಯಾನು ಗುಂಡಿಗೆ ಹೋಯ್ತು." ಅವಳು ಮೂಗು ಒರೆಸಿಕೊಂಡಳು. "ಅಪ್ಪ ಆಗ ಸತ್ತಿರ್ಲಿಲ್ಲ ಅಕ್ಕಾ. ಕೈಯಿಂದ ರಕ್ತ ಹರೀತಿತ್ತು, ಮಾತಾಡ್ತಿದ್ರು. ವಿಲೈ ಅಕ್ಕ ತನ್ನ ಅಂಗಿ ಹರಿದು ಕಟ್ಟಿದ್ಲು. ಮೇಲೆ ಒಂದು ಗಾಡಿ ಬಂದು ನಿಂತ ಸದ್ದಾಯ್ತು. ಕೂಗಿದ್ವಿ. ಹೊರಟೇ ಹೋಯ್ತು. ರಸ್ತೆ ಮೇಸ್ತ್ರಿ ಜನ ಕರ್ಕೊಂಡು ಬಂದಿದ್ದು ಒಂಬತ್ತೂ ಇಪ್ಪತ್ತಕ್ಕೆ. ಅಷ್ಟೊತ್ತಿಗೆ ಅಪ್ಪ..."

ಸತ್ತವನು ಫೊಮ್ಮಾ ತಾತ. ಸೇತುವೆ ಬರುವ ಮೊದಲು ಎರಡೂ ದಡದವರನ್ನು ದೋಣಿಯಲ್ಲಿ ದಾಟಿಸಿದವನು. ನನ್ನ ಮದುವೆಯ ದಿಬ್ಬಣವೂ ಅವನ ದೋಣಿಯಲ್ಲೇ ಹೋಗಿತ್ತು.

"ಪೊಲೀಸರು ಏನಂತಾರೆ?"

"ಕವಲಲ್ಲಿ ದಾರಿ ತೋರಿಸೋ ಬಾಣ ಹೊಸ ರಸ್ತೆ ಕಡೆಗಿತ್ತು, ವಿಲೈ ಅಕ್ಕ ನೋಡ್ದೆ ಹಿಂದಿನ ದಿನಗಳ ಅಭ್ಯಾಸಕ್ಕೆ ಹೊಳೆ ರಸ್ತೆಗೆ ನುಗ್ಗಿದ್ಲು ಅಂತ. ಸಂಜೆ ನಾಲ್ಕಕ್ಕೆ ದೊಡ್ಡ ಜೈಲಿಗೆ ಕಳಿಸ್ತಾರಂತೆ. ಅಲ್ಲಿಗೆ ಹೋದ್ರೆ ಎಷ್ಟು ವರ್ಷವೋ ಏನೋ! ನಮ್ಮಪ್ಪನ ತಲೆ ತೊಡೆ ಮೇಲಿಟ್ಕೊಂಡು ಕೂತವಳು ಅಕ್ಕಾ ಅವಳು!"

ಲಮ್ಯಾಯ್ ಅಕ್ಕ ಛತ್ರಿ ಮಡಚಿದಳು.

ಆ ತಿಂಗಳು ಲಾವೋಸ್ ದಡದ ದಾರಿ ಮೂರು ದಿನಕ್ಕೊಮ್ಮೆ ಬದಲಾಗುತ್ತಿತ್ತು. ಹೊಸ ರಸ್ತೆ ಅಗೆದಾಗ ಹೊಳೆ ರಸ್ತೆಯಲ್ಲಿ ಹೋಗಬೇಕು, ಹೊಳೆ ರಸ್ತೆ ಅಗೆದಾಗ ಹೊಸ ರಸ್ತೆಯಲ್ಲಿ. ಯಾವ ಫೋನಿನ ನಕಾಶೆಗೂ ಅದು ತಿಳಿಯುತ್ತಿರಲಿಲ್ಲ. ನಮಗಿದ್ದ ಆಧಾರವೆಂದರೆ ಕವಲಿನಲ್ಲಿ, ಸೇತುವೆಯಿಂದ ಬರುವವರ ಬಲದಂಚಿಗೆ ನೆಟ್ಟ ಹಳದಿ ಕಂಬ, ಅದರ ಮೇಲೆ ತಿರುಗುವ ತಗಡಿನ ಬಾಣ. ಬೋಳು ತಗಡೊಂದನ್ನು ನಂಬಿ ದಿನಕ್ಕೆ ನೂರು ಗಾಡಿ ಓಡುತ್ತಿದ್ದವು.

ಆಚೆ ದಡದ ಠಾಣೆಯಲ್ಲಿ ವಿಲೈ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡವಳೇ, "ಹಲ್ಲು ಹೇಗಿದೆ ಅಣ್ಣ?" ಎಂದಳು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

"ಬಾಣ ನೋಡಿದ್ಯೇನೆ?" ಎಂದಳು ಲಮ್ಯಾಯ್ ಅಕ್ಕ.

"ನೋಡ್ದೆ ಇರಕ್ಕೆ ಆಗುತ್ತಾ ಅಕ್ಕಾ? ಕಂಬ ನನ್ನ ಕಿಟಕಿ ಪಕ್ಕದಲ್ಲೇ ಬಂತು, ಕೈ ಚಾಚಿದ್ರೆ ಮುಟ್ಬಹುದಿತ್ತು. ಬಾಣ ಹೊಳೆ ರಸ್ತೆಗಿತ್ತು. ಮೊನ್ನೆ ಹೇಗಿತ್ತೋ ಹಾಗೇ."

ಠಾಣೆಯ ಅಧಿಕಾರಿ ಖಂಪೂನ್ ಕೆಟ್ಟವನಲ್ಲ, ಬೇಗ ಮುಗಿಸಿ ಊಟಕ್ಕೆ ಹೋಗಬೇಕೆನ್ನುವವನು. ನಮ್ಮನ್ನು ಕವಲಿಗೆ ಕರೆದೊಯ್ದ. ಅಲ್ಲಿ ಡಾಂಬರು ಕಿತ್ತು ಕೆಮ್ಮಣ್ಣು ಸುರಿದಿದ್ದರು, ಗಾಡಿ ಓಡುವ ಜಾಗವೂ ಕಂಬದ ಬುಡವೂ ಒಂದೇ ಕೆಸರು. ಅಪಘಾತದ ದಿನ ಬೆಳಗಿನ ಐದಕ್ಕೆ ಮಳೆ ನಿಂತದ್ದು, ಆಮೇಲೆ ಹನಿಯೂ ಬಿದ್ದಿರಲಿಲ್ಲ. ಪೊಲೀಸರು ಸುತ್ತ ಹಗ್ಗ ಕಟ್ಟಿದ್ದರು.

"ನೀವೇ ನೋಡಿ ಅಕ್ಕಾ," ಎಂದ ಖಂಪೂನ್. "ಚಕ್ರದ ಗುರುತು ಬೇಕಾದಷ್ಟಿದೆ. ಕಾಲಿನ ಗುರುತು ಒಂದಾದರೂ ಇದೆಯಾ? ಯಾರಾದ್ರೂ ಬಂದು ಬಾಣ ತಿರುಗಿಸಿದ್ರೆ ಹಾರಿ ಬಂದ್ರಾ? ಅವಳ ಹಿಂದೆ ಒಂಬತ್ತಕ್ಕೆ ಬಂದ ಪ್ರಯೂನ್ ಕೂಡ ಬಾಣ ಹೊಸ ರಸ್ತೆಗಿತ್ತು ಅಂತಾನೆ."

ಪ್ರಯೂನನ ಹೆಸರು ಕೇಳಿ ನನ್ನ ಮೈ ಉರಿಯಿತು. ಅವನೂ ರೋಗಿಗಳ ವ್ಯಾನು ಓಡಿಸುವವನು, ವಿಲೈಯ ಗಿರಾಕಿಗಳ ಮೇಲೆ ಕಣ್ಣಿಟ್ಟವನು. ಥಾಯ್ ಗಾಡಿ, ಬಲಕ್ಕೆ ಸ್ಟೇರಿಂಗು, ಕೂತಲ್ಲಿಂದಲೇ ಕಂಬ ಮುಟ್ಟಬಲ್ಲವನು. "ಇವನದ್ದೇ ಕಿತಾಪತಿ ಅಕ್ಕಾ!" ಎಂದೆ.

"ಅವನ ವ್ಯಾನಲ್ಲಿ ಏಳು ಜನ ಇದ್ರು. ಏಳೂ ಜನ ಬಾಯಿ ಮುಚ್ಕೊಂಡಿರ್ತಾರಾ? ಸ್ವಲ್ಪ ತಡ್ಕೊ ಮಾರಾಯ," ಎಂದಳು ಅಕ್ಕ. ಕಂಬದ ಮುಂದೆ ಬಗ್ಗಿ ನೋಡಿದಳು. ಎದೆಮಟ್ಟದಲ್ಲಿ ಹಳದಿ ಬಣ್ಣ ಹೊಸದಾಗಿ ಕೆತ್ತಿಹೋಗಿತ್ತು.

ಅಷ್ಟರಲ್ಲಿ ಕಾಮಗಾರಿಯ ಮೇಸ್ತ್ರಿ ಸೆಂಗ್‌ಪೆಟ್ ಬಂದ. ಇಸ್ತ್ರಿ ಮಾಡಿದ ಅಂಗಿ, ಲಾವೋ ನೋಂದಣಿಯ ಹೊಸ ಪಿಕಪ್ಪು. ವಾರಕ್ಕೆ ನಾಲ್ಕು ದಿನ ಜಲ್ಲಿ ಆರಿಸಲು ನಮ್ಮ ದಡಕ್ಕೆ ಬರುವವನು, ಅಕ್ಕನೇ ಅವನ ಕಾಗದ ಬರೆಯುತ್ತಿದ್ದಳು.

"ಪಾಪ, ಮುದುಕ," ಎಂದ. "ಏನ್ಮಾಡೋದು ಹೇಳಿ, ಈ ಹೆಂಗಸರು ಸ್ಟೇರಿಂಗು ಹಿಡಿದ್ರೆ ಹೀಗೇ."

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಕ್ಕ ನನ್ನ ಅಂಗಿಯ ಚುಂಗು ಹಿಡಿದಳು.

"ಬಾಣ ತಿರುಗ್ಸಿದ್ದು ಯಾರು ತಮ್ಮಾ?"

"ನಾನೇ. ಬೆಳಿಗ್ಗೆ ಆರಕ್ಕೆ. ಆಮೇಲೇ ಹೊಳೆ ರಸ್ತೆ ಅಗೆಯಕ್ಕೆ ಜನ ಹಚ್ಚಿದ್ದು. ಎಂಟೂವರೆಗೆ ಅವರನ್ನ ತಿಂಡಿಗೆ ಬಿಟ್ಟೆ."

"ಈ ಕೆಸರಲ್ಲಿ ಇಳಿದು?"

ಅವನು ಹಗ್ಗದೊಳಗಿನ ನೆಲವನ್ನೊಮ್ಮೆ ನೋಡಿದ. "ಇಳಿಯೋದ್ಯಾಕೆ? ಸೇತುವೆ ಕಡೆಯಿಂದ ಬಂದೆ, ಕಂಬದ ಪಕ್ಕ ನಿಲ್ಲಿಸ್ದೆ, ಕಿಟಕಿಯಿಂದ ಕೈ ಹಾಕಿ ತಳ್ಳಿದೆ. ಮುಗೀತು."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಒಬ್ನೇ."

ಅಕ್ಕ ತಲೆದೂಗಿ ಅವನ ಪಿಕಪ್ಪಿಗೊಂದು ಸುತ್ತು ಬಂದಳು. ಎಡಗಡೆ ಕನ್ನಡಿಗೆ ಅಂಟುಪಟ್ಟಿ ಸುತ್ತಿದ್ದನ್ನು ನಾನೂ ನೋಡಿದೆ. ನನಗೆ ಏನೂ ಹೊಳೆಯಲಿಲ್ಲ, ಒಪ್ಪಿಕೊಳ್ಳುತ್ತೇನೆ. "ಮೂರು ಗಂಟೆಗೆ ಎಲ್ಲರನ್ನೂ ಇಲ್ಲಿಗೆ ಕರೆಸಿ ಸಾಹೇಬ್ರೇ," ಎಂದಳು ಅಕ್ಕ. "ವಿಲೈನೂ ಬರಲಿ."

ಮೂರಕ್ಕೆ ಬಿಸಿಲು ಸುಡುತ್ತಿತ್ತು. ಖಂಪೂನ್, ಕೈಕೋಳ ಹಾಕಿಸಿಕೊಂಡ ವಿಲೈ, ಸೂತಕದ ಬಿಳಿ ಬಟ್ಟೆಯ ನೊಯ್, ಮುಖ ಊದಿಸಿಕೊಂಡ ಪ್ರಯೂನ್, ಕೈಗಡಿಯಾರ ನೋಡುತ್ತ ಸೆಂಗ್‌ಪೆಟ್, ಎಲ್ಲರೂ ಬಂದಿದ್ದರು.

"ಮೇಸ್ತ್ರಿಗಳೇ, ಒಂದು ಉಪಕಾರ," ಎಂದಳು ಲಮ್ಯಾಯ್ ಅಕ್ಕ. "ನಿನ್ನೆ ಆರಕ್ಕೆ ಹೇಗೆ ತಿರುಗಿಸಿದ್ರೋ ಹಾಗೇ ಈಗ ತಿರುಗಿಸಿ ತೋರಿಸಿ."

"ಇದೇನು ನಾಟಕ?"

"ತೋರಿಸ್ರೀ," ಎಂದ ಖಂಪೂನ್.

ಸೆಂಗ್‌ಪೆಟ್ ಗೊಣಗುತ್ತ ಸೇತುವೆಯ ಕಡೆಗೆ ಹೋಗಿ, ತಿರುಗಿಸಿಕೊಂಡು ರಸ್ತೆಯ ಬಲಕ್ಕೆ ಬಂದ. ಹಗ್ಗ ಬಿಚ್ಚಿದೆವು. ಕಂಬಕ್ಕೆ ತಾಗುವಂತೆ ನಿಲ್ಲಿಸಿ, ತನ್ನ ಕಿಟಕಿ ಇಳಿಸಿ ಕೈ ಹೊರಗೆ ಹಾಕಿದ. ಕೈ ರಸ್ತೆಯ ನಡುವೆ ಗಾಳಿಯಲ್ಲಿ ನಿಂತಿತು. ಕಂಬವಿದ್ದದ್ದು ಆಚೆ ಬದಿಗೆ, ಖಾಲಿ ಸೀಟಿನ ಆಚೆಗೆ.

ಮೊದಲು ನಕ್ಕವನು ಪ್ರಯೂನ್. "ಕೈ ಸ್ವಲ್ಪ ಉದ್ದ ಮಾಡು ಮೇಸ್ತ್ರಿ!" ಎಂದ. ಅವನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

"ಲಾವೋ ಗಾಡಿಗೆ ಸ್ಟೇರಿಂಗು ಎಡಕ್ಕೆ," ಎಂದಳು ಅಕ್ಕ. "ಈ ದಡದಲ್ಲಿ ಅದರ ಚಾಲಕ ರಸ್ತೆ ನಡುವಿಗೆ ಕೂರ್ತಾನೆ. ನಮ್ಮ ದಡಕ್ಕೆ ಬಂದಾಗ ಮಾತ್ರ ರಸ್ತೆಯಂಚು ಇವನ ಮೊಣಕೈಗೆ ಸಿಗುತ್ತೆ. ವಾರಕ್ಕೆ ನಾಲ್ಕು ದಿನ ಆಚೆ ಓಡಿಸಿ ಓಡಿಸಿ, ಸುಳ್ಳು ಹೇಳೋವಾಗ ಯಾವ ದಡದಲ್ಲಿದ್ದೀನಿ ಅನ್ನೋದನ್ನೇ ಇವನು ಮರೆತ. ಇಳಿದೆ ಅನ್ನೋಣ ಅಂದ್ರೆ ಹೆಜ್ಜೆಯಿಲ್ಲ. ಆರು ಗಂಟೆಗೆ ಇವನು ಬಾಣ ಮುಟ್ಟೇ ಇಲ್ಲ ಸಾಹೇಬ್ರೇ. ಮರೆತಿದ್ದ."

"ಹಾಗಾದ್ರೆ ಒಂಬತ್ತಕ್ಕೆ ಅದು ತಿರುಗಿದ್ದು ಹೇಗೆ?" ಎಂದ ಖಂಪೂನ್.

"ಅದನ್ನೂ ನೋಡೋಣ. ಮೇಸ್ತ್ರಿ, ಈಗ ಹೊಳೆ ರಸ್ತೆಯೊಳಗಿಂದ ಈಚೆ ಬಾ. ರಾಂಗ್ ಸೈಡಲ್ಲಿ, ಅವಸರದಲ್ಲಿ ಬಂದವನ ಹಾಗೆ."

ಅವನು ಸ್ಟೇರಿಂಗು ಹಿಡಿದು ಕೂತೇ ಇದ್ದ. ಖಂಪೂನ್ ಅವನನ್ನು ಇಳಿಸಿ, ತಾನೇ ಹತ್ತಿ, ಹೊಳೆ ರಸ್ತೆಯಿಂದ ಅಂಚು ಹಿಡಿದು ಬಂದ. ಈಗ ಕಂಬ ಚಾಲಕನ ಕಿಟಕಿಗೇ ಬಂತು. ಖಂಪೂನ್ ಕೈ ಚಾಚಿ ಬಾಣವನ್ನು ಒಂದೇ ಬೆರಳಲ್ಲಿ ತಿರುಗಿಸಿದ. ಎಡಗಡೆ ಕನ್ನಡಿ ಕಂಬದ ಕೆತ್ತಿದ ಗುರುತಿಗೆ ಸರಿಯಾಗಿ ತಾಗಿತು. ಅಕ್ಕ ಕನ್ನಡಿಯ ಅಂಟುಪಟ್ಟಿ ಕಿತ್ತಳು. ಕೆಳಗೆ ಹಳದಿ ಬಣ್ಣವಿತ್ತು.

"ಸೇತುವೆ ಕಡೆಯಿಂದ ಬರೋರಿಗೆ ಅಪಘಾತ ಗೊತ್ತಿಲ್ಲ. ಗೊತ್ತಿದ್ದವನು ಗುಂಡಿ ಕಡೆಯಿಂದ ಬಂದವನು," ಎಂದಳು ಲಮ್ಯಾಯ್ ಅಕ್ಕ. "ಜನ ತಿಂಡಿಗೆ ಹೋಗಿದ್ರು, ಇವನೊಬ್ನೇ ಅಲ್ಲಿದ್ದ. ವ್ಯಾನು ಬಿದ್ದ ಸದ್ದು ಕೇಳಿ ಬಂದ. ನೋಡಿದ. ಬಾಣ ನೆನಪಾಯ್ತು. ಮೊದಲು ಬಾಣ ತಿರುಗಿಸಕ್ಕೆ ಗಾಡಿ ಓಡಿಸ್ದ. ಒಂಬತ್ತಕ್ಕೆ ಪ್ರಯೂನ್ ನೋಡೋ ಹೊತ್ತಿಗೆ ಬಾಣ ಸರಿಯಾಗಿತ್ತು. ಆಮೇಲೆ ಒಂಬತ್ತೂ ಇಪ್ಪತ್ತಕ್ಕೆ ಆಗಷ್ಟೇ ಕಂಡವನ ಹಾಗೆ ಜನ ಕರ್ಕೊಂಡು ಬಂದ. ಅರ್ಧ ಗಂಟೆ! ಆಸ್ಪತ್ರೆ ಇಲ್ಲಿಂದ ಹತ್ತು ನಿಮಿಷ. ಥೂ, ಮರೆಯೋದು ಮನುಷ್ಯರಿಗೆ ಆಗುತ್ತೆ. ಇದು ಮರೆವಲ್ಲ ಕಣೋ!"

"ಕೆಲಸ ಹೋಗ್ತಿತ್ತು," ಎಂದ ಸೆಂಗ್‌ಪೆಟ್. "ಮೇಲಿನವರು..."

ನೊಯ್ ಅವನ ಮುಂದೆ ಹೋಗಿ ನಿಂತಳು. ಅಳುತ್ತಿರಲಿಲ್ಲ.

"ನಾವು ಕೂಗಿದ್ದು ಕೇಳಿಸ್ತಾ?"

ಅವನು ಪಿಕಪ್ಪಿನ ಕಡೆಗೆ ಮುಖ ತಿರುಗಿಸಿದ.

"ಕೇಳಿಸ್ತಾ ಅಂತ ಕೇಳಿದ್ದು."

"ಕೇಳಿಸ್ತು," ಎಂದ.

ಖಂಪೂನ್ ವಿಲೈಯ ಕೈಕೋಳ ಬಿಚ್ಚಿ ಅದನ್ನೇ ಅವನಿಗೆ ಹಾಕಿದ. ನಾನು ಅವನಿಗೆ ಹೊಡೆಯಲಿಲ್ಲ. ಹೊಡೆಯಬೇಕಿತ್ತೆಂದು ಇವತ್ತಿಗೂ ಅನ್ನಿಸುತ್ತದೆ.

ಹತ್ತನೆಯ ದಿನ ಬೇರೆ ವ್ಯಾನು ಸಿಕ್ಕಿತು. ನಾಲ್ವರು ರೋಗಿಗಳು ಹಿಂದೆ, ವಿಲೈ ಸ್ಟೇರಿಂಗಿಗೆ, ನಾನು ಎಡಕ್ಕೆ. ಇನ್ನು ಸ್ಟೇರಿಂಗು ಮುಟ್ಟುವುದಿಲ್ಲವೆಂದು ಅವಳು ಹಟ ಹಿಡಿದಿದ್ದಳು. ನೊಯ್ ಬಂದು ಹೊರಡಿಸಿದ್ದಳು. ಕವಲಿಗೆ ಬಂದಾಗ ನೋಡಿದರೆ, ರಸ್ತೆ ಇಲಾಖೆಯವರು ಕಂಬಕ್ಕೆ ಹೊಸ ಫಲಕ ಕಟ್ಟಿದ್ದರು: "ಚಾಲಕರೇ, ನಿಮ್ಮ ಅಜಾಗರೂಕತೆ ಇತರರ ಪ್ರಾಣಕ್ಕೆ ಅಪಾಯ."

"ನೋಡಿದ್ಯಾ ಇವರ ಸೊಕ್ಕು! ಇಳಿದು ಕಿತ್ತು ಹೊಳೆಗೆ ಎಸೀತೀನಿ," ಎಂದು ನಾನು ಬಾಗಿಲಿಗೆ ಕೈ ಹಾಕಿದೆ.

"ಕೆಸರು, ಇಳೀಬೇಡ ಅಣ್ಣ," ಎಂದಳು ವಿಲೈ. ಕಿಟಕಿ ಇಳಿಸಿ, ಕೂತಲ್ಲಿಂದಲೇ ಕೈ ಚಾಚಿ ಕಂಬವನ್ನು ಮುಟ್ಟಿದಳು. ಅವಳಿಗೆ ಅದು ಸಲೀಸಾಗಿ ಸಿಕ್ಕಿತು. ಫಲಕದ ತಂತಿ ಬಿಚ್ಚಿ, ತಗಡನ್ನು ನನ್ನ ತೊಡೆಯ ಮೇಲೆ ಹಾಕಿದಳು. ಬಾಣ ಯಾವ ಕಡೆಗಿದೆ ಎಂದು ನನ್ನಿಂದ ಎರಡು ಸಲ ಹೇಳಿಸಿಕೊಂಡು ಗಾಡಿ ಮುಂದೆ ಬಿಟ್ಟಳು.